ಗೂಡು ಮುರಿಯದೆ ಜೇನು ತೆಗೆಯೋಣ
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ವಸಿಯ್ಯತ್ ಮಾಡುತ್ತೇವೆ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರು 'ಅನ್ನಹ್ಲ್', ಅಂದರೆ ಜೇನ್ನೊಣ. ಬೆಟ್ಟದಲ್ಲಿ, ಮರದಲ್ಲಿ, ಮನುಷ್ಯರು ಕಟ್ಟಿಕೊಡುವ ಆಸರೆಗಳಲ್ಲಿ ಮನೆ ಮಾಡಲು ಜೇನ್ನೊಣಕ್ಕೆ ಕಲಿಸಿದವನು ಅಲ್ಲಾಹನೆಂದು ಅದರ 68ನೇ ಸೂಕ್ತವೂ, ಜೇನಿನಲ್ಲಿ ಜನರಿಗೆ ಶಮನವಿದೆಯೆಂದು 69ನೇ ಸೂಕ್ತವೂ ತಿಳಿಸುತ್ತವೆ. ಈ ಮೂರೂ ಬಗೆಯ ಮನೆಗಳು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿವೆ. ಬಂಡೆಯಲ್ಲಿ ಹೆಜ್ಜೇನು, ಮರದ ಪೊಟರೆಯಲ್ಲಿ ತುಡುವೆ, ಅಡಿಕೆ ಮತ್ತು ರಬ್ಬರ್ ತೋಟದ ಪೆಟ್ಟಿಗೆಯಲ್ಲೂ ಅದೇ ತುಡುವೆ.

ಹಿಂದಿನವರು ಮಡಕೆ ಕವುಚಿಟ್ಟು ತುಡುವೆಯನ್ನು ಕೂರಿಸುತ್ತಿದ್ದರು. ಜೇನು ಬೇಕಾದಾಗ ಹೊಗೆ ಹಾಕಿ, ಎರಿಯನ್ನೇ ಕಿತ್ತು, ಕೈಯಲ್ಲಿ ಹಿಂಡಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಜೇನಿನೊಂದಿಗೆ ಮರಿಗಳೂ ಸಾಯುತ್ತಿದ್ದವು. 1852ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು, ಚೌಕಟ್ಟುಗಳನ್ನು ಎತ್ತಿ ಮತ್ತೆ ಇಡಬಹುದಾದ ಪೆಟ್ಟಿಗೆಗೆ ಪೇಟೆಂಟ್ ಪಡೆದರು. 1865ರಲ್ಲಿ ಹ್ರುಷ್ಕಾ ಎಂಬವರು ಎರಿಯನ್ನು ತಿರುಗಿಸಿ ಜೇನು ತೆಗೆಯುವ ಯಂತ್ರವನ್ನು ಜನರ ಮುಂದಿಟ್ಟರು. ಎರಿಯ ಮೇಣದ ಮುಚ್ಚಳವನ್ನು ಚೂರಿಯಿಂದ ಸವರಿ, ಡ್ರಮ್ಮಿನೊಳಗಿಟ್ಟು ಹಿಡಿ ತಿರುಗಿಸಿದರೆ ಜೇನು ಸಿಡಿದು ಕೆಳಗಿಳಿಯುತ್ತದೆ. ಖಾಲಿ ಎರಿ ಹಾಗೆಯೇ ಪೆಟ್ಟಿಗೆಗೆ ಮರಳುತ್ತದೆ, ನೊಣಗಳು ಮತ್ತೆ ಅದನ್ನೇ ತುಂಬಿಸುತ್ತವೆ.

ನಮ್ಮ ಕೆಲವು ಹಳೆಯ ಮನೆಗಳ ಅಟ್ಟದಲ್ಲಿ ಆ ತಗಡಿನ ಡ್ರಮ್ ಇನ್ನೂ ಇದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ನಾಶವಾದವು. ಎಷ್ಟೋ ಜನ ಜೇನು ಸಾಕುವುದನ್ನೇ ಬಿಟ್ಟರು. ಮಕ್ಕಳಿಗೆ ಆ ಡ್ರಮ್ ತೋರಿಸಿ, ಅದು ಕಲಿಸುವ ಪಾಠವನ್ನೂ ಹೇಳಿಕೊಡಿ: ನಮ್ಮ ಪಾಲನ್ನು ಪಡೆಯಲು ಇನ್ನೊಬ್ಬರ ಮನೆ ಮುರಿಯಬೇಕಾಗಿಲ್ಲ.

ಸಹೋದರರೇ, ಪ್ರವಾದಿವರ್ಯರು (ಸ) ಸತ್ಯವಿಶ್ವಾಸಿಯನ್ನು ಜೇನ್ನೊಣಕ್ಕೆ ಹೋಲಿಸಿದ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಅದು ತಿನ್ನುವುದು ಒಳ್ಳೆಯದನ್ನು, ಕೊಡುವುದೂ ಒಳ್ಳೆಯದನ್ನು. ಕುಳಿತಲ್ಲಿ ಏನನ್ನೂ ಮುರಿಯುವುದಿಲ್ಲ, ಕೆಡಿಸುವುದಿಲ್ಲ. ನಾವು ಹಾಗಿದ್ದೇವೆಯೇ? ಕೂಲಿಯವನ ಸಂಬಳ ತಡೆದು, ಸಹೋದರಿಯ ವಾರೀಸು ಪಾಲನ್ನು ಕೊಡದೆ ಮನೆ ಕಟ್ಟಿದರೆ, ನಾವು ಎರಿಯನ್ನು ಮರಿಗಳ ಸಮೇತ ಹಿಂಡಿದಂತೆಯೇ.

ಜೇನು ಸಾಕುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಹೂವಿಲ್ಲದಾಗ ನೊಣಗಳಿಗೆ ಸಕ್ಕರೆ ಪಾಕ ಕೊಡುವುದು ಅವುಗಳ ಜೀವ ಉಳಿಸಲಿಕ್ಕೆ. ಆ ಪಾಕವನ್ನೇ ತೆಗೆದು ಜೇನೆಂದು ಮಾರಿದರೆ ಅದು ವಂಚನೆ. ಒದ್ದೆ ಧಾನ್ಯವನ್ನು ರಾಶಿಯಡಿ ಅಡಗಿಸಿಟ್ಟ ವ್ಯಾಪಾರಿಗೆ ಪ್ರವಾದಿವರ್ಯರು (ಸ) ಕೊಟ್ಟ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ರೋಗಿಯೊಬ್ಬ ಶಮನದ ನಿರೀಕ್ಷೆಯಿಂದ ಆ ಬಾಟಲಿ ಕೊಳ್ಳುತ್ತಾನೆ, ನೆನಪಿರಲಿ. ಮುಚ್ಚಳ ಕಟ್ಟಿದ ಎರಿಯಿಂದ ಮಾತ್ರ ಜೇನು ತೆಗೆಯಿರಿ, ನೊಣಗಳ ಪಾಲನ್ನು ಅವುಗಳಿಗೇ ಬಿಡಿ.

ಹಲಾಲಾದ ದುಡಿಮೆಯನ್ನೂ ಅದರಲ್ಲಿ ಬರಕತ್ತನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಯಾರ ಮನೆಯನ್ನೂ ಮುರಿಯದ ಕೈಗಳನ್ನು ನಮಗೆ ದಯಪಾಲಿಸಲಿ. ಆಮೀನ್.