ನಡೆದರೆ ನೋವು, ನಿಂತರೆ ಮಾಯ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿಇ ಓದಿ ಕಂಪ್ಯೂಟರ್ ಕೆಲಸ ಮಾಡುವವನು ಕಾಲಿನ ರಕ್ತನಾಳದ ಬಗ್ಗೆ ಯಾಕೆ ಮಾತಾಡುತ್ತಾನೆ ಎಂದು ನಿಮಗೆ ಅನಿಸಬಹುದು. ನಾನು ಡಾಕ್ಟರ್ ಅಲ್ಲ. ನಮ್ಮ ದೊಡ್ಡಪ್ಪನ ಜೊತೆ ಆಸ್ಪತ್ರೆ ಓಡಾಡಿ ತಿಳಿದದ್ದನ್ನು ಹೇಳುತ್ತೇನೆ.

ದೊಡ್ಡಪ್ಪ ಹೊಲಕ್ಕೆ ಹೊರಟರೆ ಅರ್ಧ ದಾರಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ನೋವು ಹೋಗುತ್ತಿತ್ತು. ವಯಸ್ಸಾಯಿತು, ವಾಯು ಎಂದರು ಎಲ್ಲರೂ. ನೋವಿನ ಗುಳಿಗೆ, ಎಣ್ಣೆ ತಿಕ್ಕುವುದರಲ್ಲೇ ಎಂಟು ತಿಂಗಳು ಕಳೆದವು. ಬೆರಳು ಕಪ್ಪಾದ ಮೇಲೆ ವೈದ್ಯರೊಬ್ಬರು ಪಾದದ ನಾಡಿ ಮುಟ್ಟಿ ನೋಡಿದರು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಮಾನ್ವಿ ಕಡೆಯವರಿಗೆ ಈ ರೋಗವನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದ ಕಷ್ಟ ಅವರಿಗೆ ಗೊತ್ತು. ದೇಹದಲ್ಲಿ ಪಾದವೇ ಕೊನೆ ಭಾಗ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಕುಳಿತಾಗ ಸಾಲುವ ರಕ್ತ ನಡೆಯುವಾಗ ಸಾಲುವುದಿಲ್ಲ. ಬೀಡಿ, ಸಿಗರೇಟು, ಶುಗರ್, ಬಿಪಿ ಇದಕ್ಕೆ ಮುಖ್ಯ ಕಾರಣಗಳು. ಬೀಡಿ ಸೇದುವ ಹರೆಯದವರಿಗೂ ಬರುವ ಬರ್ಗರ್ ಕಾಯಿಲೆ ಎಂಬುದೊಂದಿದೆ. ತಂಬಾಕು ಪೂರ್ತಿ ಬಿಡದೆ ಅದು ನಿಲ್ಲುವುದಿಲ್ಲ.

ಪತ್ತೆ ಹಚ್ಚಲು ಮೊದಲು ಪಾದದ ಮೇಲೆ ಮತ್ತು ಹಿಮ್ಮಡಿಯ ಒಳಗಂಟಿನ ಹಿಂದೆ ನಾಡಿ ನೋಡುತ್ತಾರೆ. ನಂತರ ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ ಕಾಲಿನ ಬಿಪಿ ಅಳೆದು, ತೋಳಿನ ಬಿಪಿಯಿಂದ ಭಾಗಿಸುತ್ತಾರೆ. ಇದೇ ಶಾಲೆಯಲ್ಲಿ ಕಲಿತ ಭಾಗಾಕಾರವೇ ಸಾಕು. ತೋಳಿನಲ್ಲಿ 140, ಕಾಲಿನಲ್ಲಿ 84 ಇದ್ದರೆ 0.6. ಉತ್ತರ 1.0ರಿಂದ 1.4ರೊಳಗೆ ಇರಬೇಕು, 0.9 ಅಥವಾ ಕಡಿಮೆಯಾದರೆ ರೋಗವಿದೆ ಎಂದರ್ಥ. ಶುಗರ್ ಇರುವವರಲ್ಲಿ ನಾಳ ಗಟ್ಟಿಯಾಗಿ ಲೆಕ್ಕ ತಪ್ಪಬಹುದು. ಆಗ ಬೆರಳಿನ ಬಿಪಿ, ಸ್ಕ್ಯಾನಿಂಗ್ ನೋಡಬೇಕಾಗುತ್ತದೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ತಂಬಾಕು ಬಿಡುವುದು, ಶುಗರ್ ಬಿಪಿ ಹತೋಟಿ, ವೈದ್ಯರು ಬರೆದುಕೊಟ್ಟ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮತ್ತು ಕೊಲೆಸ್ಟ್ರಾಲ್ ಗುಳಿಗೆ, ಜೊತೆಗೆ ನಡಿಗೆ. ನೋವು ಬರುವತನಕ ನಡೆದು, ನಿಂತು, ಮತ್ತೆ ನಡೆಯುವುದೂ ಚಿಕಿತ್ಸೆಯೇ. ಪಾದದಲ್ಲಿ ಹುಣ್ಣು ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ನಡೆಯಬೇಕು. ರೋಗ ಮುಂದುವರಿದರೆ ಬಲೂನ್, ಸ್ಟೆಂಟ್ ಅಥವಾ ಬೈಪಾಸ್.

ಜೋಮು ಹಿಡಿದ ಕಾಲಿಗೆ ಬಿಸಿನೀರು, ಕೆಂಡದ ಶಾಖ ಬೇಡ; ಸುಟ್ಟರೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಸುಮಾರು 6 ತಾಸು ಕಳೆದರೆ ಮಾಂಸಖಂಡ ಸಾಯತೊಡಗುತ್ತದೆ. ದೇವದುರ್ಗದಿಂದ ರಾಯಚೂರು ತಲುಪಲು ಒಂದು ತಾಸಿಗಿಂತ ಹೆಚ್ಚು ಬೇಕು. ಅಲ್ಲಿಂದ ಬೆಂಗಳೂರು 400 ಕಿ.ಮೀ.ಗೂ ದೂರ. ಆದ್ದರಿಂದ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತನಾಳದ ಸರ್ಜನ್ ಎಲ್ಲಿ ಸಿಗುತ್ತಾರೆಂದು ದಾರಿಯಲ್ಲೇ ವಿಚಾರಿಸಿ.

ಈ 50ನೇ ವರ್ಷದ ನೆನಪಿಗೆ ನಮ್ಮ ಬ್ಯಾಚಿನವರು ಊರಿನ ಆರೋಗ್ಯ ಕೇಂದ್ರಕ್ಕೆ ಒಂದು ಡಾಪ್ಲರ್ ಯಂತ್ರ ಕೊಡಲು ನಿಶ್ಚಯಿಸಿದ್ದೇವೆ. ಮಕ್ಕಳೆ, ನಿಮಗೊಂದು ಮನೆಗೆಲಸ. ಇವತ್ತು ಮನೆಗೆ ಹೋಗಿ ಅಜ್ಜ, ಅಜ್ಜಿಯನ್ನು ಕೇಳಿ: "ನಡೆದಾಗ ಕಾಲುನೋವು ಬಂದು, ನಿಂತರೆ ಹೋಗುತ್ತದೇನು?" ಹೌದು ಎಂದರೆ ನಾಳೆಯೇ ಕರೆದುಕೊಂಡು ಬನ್ನಿ.