ಕೂಡುವ ದಾರಿ, ಕೊನೆಯಾಗುವ ದಾರಿ

ಊರು ಬೆಳೆಯಿತೆಂದರೆ ಮನೆಗಳು ಹೆಚ್ಚಿದುವೆಂದು ನಾವು ತಿಳಿಯುತ್ತೇವೆ. ಮನೆಗಳ ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವುಂಟು: ಬೀದಿಗಳು ಎಷ್ಟು ಕಡೆ ಒಂದನ್ನೊಂದು ಕೂಡುತ್ತವೆ, ಎಷ್ಟು ಕಡೆ ಗೋಡೆಗೆ ತಾಗಿ ನಿಲ್ಲುತ್ತವೆ ಎಂಬುದು.

ತೀರ್ಥಹಳ್ಳಿಯ ಸೀಮೆಯನ್ನು ನೋಡಿ. ಗುಡ್ಡದ ಓರೆಗೊಂದು, ತೋಟದ ತಲೆಗೊಂದು ಒಂಟಿ ಮನೆ. ಹೊರಗಿನವರ ಕಣ್ಣಿಗೆ ಇದೆಲ್ಲ ಚೆಲ್ಲಾಪಿಲ್ಲಿ. ಆದರೆ ಗದ್ದೆಯ ಅಂಚು, ಹಳ್ಳದ ಮೇಲಿನ ಕಾಲುಸಂಕ, ಬೇಲಿಯ ನಡುವಿನ ಉಣುಗೋಲು ಇವು ಮನೆಯಿಂದ ಮನೆಗೆ ದಾರಿಯನ್ನು ಉಳಿಸಿಕೊಂಡು ಬಂದವು. ಉಣುಗೋಲು ದನವನ್ನು ತಡೆಯುತ್ತದೆ, ಮನುಷ್ಯನನ್ನಲ್ಲ. ದೂರವಿದ್ದೂ ಕೂಡಿರುವುದು ಸಾಧ್ಯವೆಂಬುದನ್ನು ನಾನು ಕಲಿತದ್ದು ಇಲ್ಲಿಂದಲೇ.

ಈಗಿನ ಬಡಾವಣೆಗಳಲ್ಲಿ ಇದಕ್ಕೆ ತದ್ವಿರುದ್ಧ. ಒಬ್ಬರು ತಮ್ಮ ಎರಡು ಎಕರೆಯನ್ನು ನಿವೇಶನಗಳಾಗಿ ಒಡೆಯುತ್ತಾರೆ. ಹೆದ್ದಾರಿಯಿಂದ ಒಳಕ್ಕೆ ಒಂದು ರಸ್ತೆ ತಂದು ತಮ್ಮ ಗಡಿಯಲ್ಲೇ ಮುಗಿಸುತ್ತಾರೆ. ಪಕ್ಕದವರೂ ಹಾಗೆಯೇ. ಬೆನ್ನಿಗೆ ಬೆನ್ನು ತಾಗಿದ ಮನೆಗಳ ನಡುವೆ ಒಂದು ಮೈಲಿ ಸುತ್ತು! ಮಗು ಶಾಲೆಗೆ ನಡೆಯಲಾರದು, ಮುದುಕರು ಅಂಗಡಿಗೆ ಹೋಗಲಾರರು. ಎಲ್ಲ ವಾಹನಗಳ ಹೊರೆಯೂ ಒಂದೇ ಹೆದ್ದಾರಿಯ ಮೇಲೆ. ಒಂದೇ ದಾರಿಯನ್ನು ನಂಬಿದರೆ ಅದು ಎಷ್ಟು ಇಕ್ಕಟ್ಟಾಗುವುದೆಂಬುದನ್ನು ಪೇಟೆಗೂ ಕುರುವಳ್ಳಿಗೂ ನಡುವೆ ತುಂಗೆಯ ಕಮಾನು ಸೇತುವೆಯನ್ನು ದಾಟಿದವರಿಗೆ ಹೇಳಬೇಕಾಗಿಲ್ಲ. ಹೊಳೆಯಾದರೆ ಪ್ರಕೃತಿಯ ತಡೆ. ಗೋಡೆ ನಾವೇ ಕಟ್ಟಿಕೊಂಡದ್ದು.

ಹಿಂದಿನವರಿಗೆ ಈ ವಿವೇಕವಿತ್ತು. 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡು, 1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮುಖ್ಯರಸ್ತೆಯನ್ನು ಅಡ್ಡರಸ್ತೆಗಳು ಮತ್ತೆ ಮತ್ತೆ ಕತ್ತರಿಸುತ್ತವೆ. ಒಂದು ದಾರಿ ಕಟ್ಟಿದರೆ ಇನ್ನೊಂದು ತೆರೆದಿರುತ್ತದೆ. ಕುರುಡು ಬೀದಿಗಳನ್ನು ಬೇಕೆಂದೇ ಯೋಜಿಸಿದ ಅಮೆರಿಕದ ರ‍್ಯಾಡ್‌ಬರ್ನ್ 1929ರಲ್ಲಿ ಹುಟ್ಟಿತು. ಅಲ್ಲಿ ಕಾಲ್ನಡಿಗೆಗೆ ಬೇರೆ ದಾರಿಯನ್ನಾದರೂ ಇಟ್ಟಿದ್ದರು. ಅನುಕರಿಸಿದ ಅನೇಕರು ಕುರುಡು ಬೀದಿಯನ್ನು ಉಳಿಸಿಕೊಂಡು ಕಾಲುದಾರಿಯನ್ನು ಕೈಬಿಟ್ಟರು. ಅಮೆರಿಕದಲ್ಲಿ ಈ ಚಾಳಿ 1994ರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗಿತೆಂದು ಸಂಶೋಧಕರು 2015ರಲ್ಲಿ ತೋರಿಸಿದರು. ಆದರೆ ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳು 1975ರಿಂದೀಚೆಗೆ ಹೆಚ್ಚು ಹೆಚ್ಚು ಬೇರ್ಪಡುತ್ತಿವೆಯೆಂದು 2020ರ ಅಧ್ಯಯನವೊಂದು ಹೇಳಿತು.

ಮನೆಯನ್ನು ಕೆಡವಿ ಕಟ್ಟಬಹುದು. ಬೀದಿಯ ಗೆರೆ ತಲೆಮಾರುಗಳವರೆಗೆ ಅಳಿಯದು. ಆದಕಾರಣ ನಕಾಶೆಗೆ ಒಪ್ಪಿಗೆ ನೀಡುವ ದಿನವೇ ಕೇಳಬೇಕು: ಈ ರಸ್ತೆ ಮುಂದೆ ಯಾವುದನ್ನು ಕೂಡುತ್ತದೆ? ವಾಹನಕ್ಕೆ ಎಡೆಯಿಲ್ಲದಿದ್ದರೆ ಕಾಲ್ನಡಿಗೆಯವರಿಗಾದರೂ ಗೋಡೆಯಲ್ಲೊಂದು ಉಣುಗೋಲು ಇರಲಿ.