ಹಂಚುವವನೂ ದಾನಿಯೇ
(ಜುಮಾ ಖುತ್ಬಾದ ಸಾರಾಂಶ)



ನಮ್ಮ ಮೊಹಲ್ಲಾದ ಝಕಾತ್ ನಿಧಿಯ ಕಚೇರಿಗೆ ಬರುವ ಸೋಮವಾರದಿಂದ ಒಬ್ಬ ಯುವಕ ಪೂರ್ಣಾವಧಿ ಕೆಲಸಕ್ಕೆ ಸೇರುತ್ತಿದ್ದಾನೆ. ಇದುವರೆಗೆ ಕಮಿಟಿಯ ಹಿರಿಯರೇ ಮಗ್ರಿಬ್ ನಮಾಝ್‌ನ ಬಳಿಕ ಒಂದು ಗಂಟೆ ಕುಳಿತು ಅರ್ಜಿ ನೋಡುತ್ತಿದ್ದರು. ಫೀಸು, ಔಷಧಿ, ಮನೆ ರಿಪೇರಿ ಎಂದು ಅರ್ಜಿಗಳು ಹೆಚ್ಚಿದವು, ಆ ಒಂದು ಗಂಟೆ ಸಾಲದಾಯಿತು. ಮೊನ್ನೆ ಆ ಯುವಕ ನನ್ನ ಬಳಿ ಬಂದು, “ಉಸ್ತಾದ್, ಕೆಲಸ ಸಿಕ್ಕಿದ ದಿನದಿಂದ ನಿದ್ದೆ ಬರುತ್ತಿಲ್ಲ. ಕಂಪೆನಿಯಲ್ಲಿ ಲೆಕ್ಕ ತಪ್ಪಿದರೆ ಮ್ಯಾನೇಜರ್‌ಗೆ ಉತ್ತರ ಹೇಳಿದರೆ ಮುಗಿಯುತ್ತಿತ್ತು. ಇಲ್ಲಿ ತಪ್ಪಿದರೆ?” ಎಂದು ಕೇಳಿದ. ಆತನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತೇನೆ. ಅದರಲ್ಲಿ ಅರ್ಧ ಪಾಲು ನಮಗೆ ಸೇರಿದ್ದು.

ಮೊದಲು ಸಂಬಳದ ಮಾತು. ‘ಝಕಾತ್ ಹಂಚಲು ಸಂಬಳದವನು ಏಕೆ?’ ಎಂದು ಕೆಲವರು ಗೊಣಗಿದ್ದು ನನ್ನ ಕಿವಿಗೂ ಬಿದ್ದಿದೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಅಲ್ಲಾಹನು ಎಂಟು ವಿಭಾಗಗಳನ್ನು ಹೆಸರಿಸಿದ್ದಾನೆ. ಬಡವರು ಮತ್ತು ನಿರ್ಗತಿಕರ ನಂತರ ಮೂರನೆಯದಾಗಿ ಬರುವವರೇ ಅದರ ಕೆಲಸ ಮಾಡುವವರು. ಅಬ್ದುಲ್ಲಾ ಬಿನ್ ಸಅದೀ(ರ) ಎಂಬ ಸಹಾಬಿ ಸಾರ್ವಜನಿಕ ಕೆಲಸದ ಸಂಬಳ ಬೇಡವೆಂದಾಗ ಖಲೀಫಾ ಉಮರ್(ರ) ಒಪ್ಪಲಿಲ್ಲ. ತಾನೂ ಹಿಂದೆ ಹಾಗೆಯೇ ಹೇಳಿದ್ದಾಗಿಯೂ, ಪಡೆದುಕೋ, ಬೇಕಿದ್ದರೆ ಅನಂತರ ದಾನ ಮಾಡು ಎಂದು ಪ್ರವಾದಿ(ಸ) ತನಗೆ ತಿಳಿಸಿದ್ದಾಗಿಯೂ ವಿವರಿಸಿದರು. ಇಂದಿನ ಕಮಿಟಿಗಳ ನೌಕರರಿಗೆ ಝಕಾತ್‌ನ ಹಣದಿಂದಲೇ ಸಂಬಳ ಕೊಡಬಹುದೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದ್ದರಿಂದ ನಮ್ಮ ಕಮಿಟಿ ಎಚ್ಚರಿಕೆಯ ದಾರಿ ಹಿಡಿದು, ಕಟ್ಟಡದ ಬಾಡಿಗೆಯಿಂದ ಸಂಬಳ ಕೊಡಲು ತೀರ್ಮಾನಿಸಿದೆ. ಇನ್ನೂ ಒಂದು ಮಾತಿದೆ. ಬಿಟ್ಟಿ ದುಡಿಯುವವರಲ್ಲಿ ಲೆಕ್ಕ ಕೇಳಲು ನಮಗೆ ಸಂಕೋಚ. ಸಂಬಳ ಪಡೆಯುವವನಲ್ಲಿ ಧಾರಾಳವಾಗಿ ಕೇಳಬಹುದು.

ಇನ್ನು ಉಡುಗೊರೆಯ ವಿಷಯ. ಅಝ್ದ್ ಗೋತ್ರದ ಒಬ್ಬ ವ್ಯಕ್ತಿಯನ್ನು ಪ್ರವಾದಿ(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಆತ ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಎರಡು ಪಾಲು ಮಾಡಿ ಇಟ್ಟ. ಪ್ರವಾದಿ(ಸ) ಮಿಂಬರ್ ಏರಿ ಎಲ್ಲರೆದುರು ಈ ವಿಷಯವೆತ್ತಿದರು. ಆತ ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಉಡುಗೊರೆ ಅಲ್ಲಿಗೆ ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಬುಖಾರಿಯಲ್ಲಿರುವ ಈ ಘಟನೆಯನ್ನು ನಾವು ಲಂಚದ ವಿರುದ್ಧ ಭಾಷಣ ಮಾಡುವಾಗ ಹೇಳುತ್ತೇವೆ, ಸರಕಾರಿ ನೌಕರರನ್ನು ನೆನೆಸಿಕೊಂಡು. ಆದರೆ ನಮ್ಮಲ್ಲಿ ಅದು ಹಲ್ವದ ಡಬ್ಬಿಯಾಗಿ, ಹೊಸ ಮೀನಿನ ಚೀಲವಾಗಿ, ಪೆರ್ನಾಳ್‌ಗೆ ಒಂದು ಶರ್ಟ್ ಪೀಸ್ ಆಗಿ ಬರುತ್ತದೆ. ಮಗಳ ಕಾಲೇಜು ಫೀಸಿಗೆ ಸಹಾಯ ಪಡೆದ ತಾಯಿ ಪ್ರೀತಿಯಿಂದಲೇ ತರುತ್ತಾಳೆ. ಮರುವರ್ಷ ಆಕೆಯ ಅರ್ಜಿ ಮತ್ತೆ ಮೇಜಿಗೆ ಬಂದಾಗ ಆ ಹಲ್ವದ ರುಚಿ ನಾಲಿಗೆಯಲ್ಲಿ ಇರುತ್ತದೆಯೋ ಇಲ್ಲವೋ? ಆದ್ದರಿಂದ ಸಹೋದರರೇ, ಆತ ನಗುತ್ತಾ ಬೇಡವೆಂದರೆ ‘ಹುಡುಗನಿಗೆ ಅಹಂಕಾರ ಬಂತು’ ಎನ್ನಬೇಡಿ. ಸ್ವಂತ ಸಂಬಂಧಿಕರ ಅರ್ಜಿ ಬಂದಾಗ ಆತ ಕೋಣೆಯಿಂದ ಎದ್ದು ಹೊರಗೆ ಹೋಗಬೇಕೆಂದೂ ನಿರ್ಧಾರವಾಗಿದೆ. ಅದಕ್ಕೆ ಆತನ ಮನೆಯವರು ಮುನಿಸಿಕೊಳ್ಳಬಾರದು.

ಇಷ್ಟು ಹೇಳಿದ ಮೇಲೆ ಆತ ಇನ್ನಷ್ಟು ಹೆದರಿದ. ಆಗ ನಾನು ಇನ್ನೊಂದು ಹದೀಸ್ ನೆನಪಿಸಿದೆ. ತನಗೆ ಕೊಡಲು ಹೇಳಿದ್ದನ್ನು, ಹೇಳಿದವರಿಗೆ, ಪೂರ್ಣವಾಗಿ, ಸಂತೋಷದ ಮನಸ್ಸಿನಿಂದ ತಲುಪಿಸುವ ಪ್ರಾಮಾಣಿಕ ಖಜಾಂಚಿಯೂ ಇಬ್ಬರು ದಾನಿಗಳಲ್ಲಿ ಒಬ್ಬನು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕಿಸೆಯಿಂದ ಒಂದು ರೂಪಾಯಿಯೂ ಹೋಗಿಲ್ಲ, ಆದರೂ ದಾನಿ! ಅದರಲ್ಲಿರುವ ಷರತ್ತುಗಳನ್ನು ಗಮನಿಸಿ. ಪೂರ್ಣವಾಗಿ ಕೊಡುವುದು ಸುಲಭ, ರಶೀದಿ ಪುಸ್ತಕ, ಆಡಿಟ್ ಎಲ್ಲ ಇದೆ. ಸಂತೋಷದ ಮನಸ್ಸನ್ನು ಯಾವ ಆಡಿಟರ್ ಪರಿಶೀಲಿಸುತ್ತಾನೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿದ್ದಾಗ ಅಲ್ಲಿನ ನಿಧಿಯ ಅರ್ಜಿಗಳನ್ನು ನಾನೇ ನೋಡುತ್ತಿದ್ದೆ. ಆರಂಭದಲ್ಲಿ ಪ್ರತಿಯೊಬ್ಬರ ಕಥೆಗೂ ಕಣ್ಣು ತುಂಬುತ್ತಿತ್ತು. ನಂತರ ಒಬ್ಬಾತ ಸುಳ್ಳು ಆಸ್ಪತ್ರೆ ಚೀಟಿ ತಂದು ಹಣ ಪಡೆದದ್ದು ಗೊತ್ತಾಯಿತು. ಅಲ್ಲಿಂದ ನನ್ನ ಕಣ್ಣಿಗೆ ಎಲ್ಲರೂ ಅವನಂತೆಯೇ ಕಾಣತೊಡಗಿದರು. ಬೀಡಿ ಕಟ್ಟುವ ಒಬ್ಬ ತಾಯಿ ಗಂಡನ ಚಿಕಿತ್ಸೆಗೆಂದು ಬಂದರು. ರೇಷನ್ ಕಾರ್ಡ್ ಪ್ರತಿ ಇಲ್ಲ ಎಂದು ಕಳುಹಿಸಿದೆ. ಅದನ್ನು ತಂದಾಗ ಡಾಕ್ಟರರ ಪತ್ರದಲ್ಲಿ ಸೀಲ್ ಇಲ್ಲ ಎಂದೆ. ಸೀಲ್ ಹಾಕಿಸಿ ತಂದಾಗ, ಕಮಿಟಿಯವರ ಸಹಿ ಮಾಡಿಸಿಕೊಂಡು ಬನ್ನಿ ಎಂದೆ. ಒಂದೂ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ನಾಲ್ಕನೆಯ ಸಲ ಅವರು ಬರಲಿಲ್ಲ. ‘ನೋಡಿದೆಯಾ, ನಿಜವಾದ ಅಗತ್ಯ ಇದ್ದಿದ್ದರೆ ಬರುತ್ತಿದ್ದರು’ ಎಂದು ಪಕ್ಕದವರಿಗೆ ಹೇಳಿದೆ ಕೂಡ.

ತಿಂಗಳುಗಳ ನಂತರ ಜನಾಝಾ ನಮಾಝ್‌ಗೆ ನಿಂತಾಗಲೇ ಅದು ಆಕೆಯ ಗಂಡನದೆಂದು ತಿಳಿದದ್ದು. ಕಿವಿಯ ಓಲೆ ಮಾರಿ ಔಷಧಿ ತಂದಿದ್ದರಂತೆ.

ಅಲ್‌ಬಕರಾ ಅಧ್ಯಾಯದ 273ನೇ ಸೂಕ್ತವನ್ನು ನಾನು ಎಷ್ಟು ಬಾರಿ ಓದಿದ್ದೆನೋ! ಕೆಲವು ಬಡವರ ಸ್ವಾಭಿಮಾನ ಕಂಡು ಅರಿಯದವನು ಅವರನ್ನು ಸ್ಥಿತಿವಂತರೆಂದು ಭಾವಿಸುತ್ತಾನೆ, ಅವರು ಬೆನ್ನು ಹತ್ತಿ ಬೇಡುವವರಲ್ಲ ಎಂದು ಅದು ತಿಳಿಸುತ್ತದೆ. ಆ ಸೂಕ್ತದಲ್ಲಿರುವ ಅರಿಯದವನು ಮೇಜಿನ ಈಚೆಗೆ ಕುಳಿತಿದ್ದ ನಾನೇ ಎಂದು ಅಂದು ಅರ್ಥವಾಯಿತು.

ದಾಖಲೆ ಕೇಳಬಾರದು ಎಂದಲ್ಲ. ನಿಮ್ಮ ಸಂಪತ್ತಿನ ಎರಡೂವರೆ ಶೇಕಡಾ ಅದು, ಹಕ್ಕುದಾರರಿಗೇ ಸೇರಬೇಕು. ಸುಳ್ಳು ಚೀಟಿ ತರುವವರು ನಾಳೆಯೂ ಬರುತ್ತಾರೆ. ಆದರೆ ಸೀಲ್ ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಬೇಕಾದವರು ನಾವು. ಕೆಲಸದವನು ಇರುವುದೇ ಅದಕ್ಕೆ.

ಸೋಮವಾರ ಬೆಳಿಗ್ಗೆ 10 ಗಂಟೆಗೆ ಕಚೇರಿ ತೆರೆಯುತ್ತದೆ. ಕಪಾಟಿನಲ್ಲಿ ‘ದಾಖಲೆ ಬಾಕಿ’ ಎಂದು ಬರೆದು ಕಟ್ಟಿಟ್ಟ ಒಂದು ಫೈಲಿದೆ. ಅದರಲ್ಲಿ ಅರ್ಜಿ ಕೊಟ್ಟು ಮತ್ತೆ ಬಾರದವರ ಹೆಸರುಗಳಿವೆ. ಮೊದಲ ವಾರ ಬೇರೇನೂ ಬೇಡ, ಆ ಮನೆಗಳಿಗೆ ಹೋಗಿ ಬಾ ಎಂದು ಆತನಿಗೆ ಹೇಳಿದ್ದೇನೆ. ಅಸರ್ ನಮಾಝ್‌ನ ಬಳಿಕ ನಾನೂ ಜೊತೆಗೆ ಹೋಗುತ್ತೇನೆ.